ನಾಲ್ಕು ಸಾವಿರದ ತಗ್ಗು

ಸಂಗೀತ ಎಲ್ಲಿ ಕಲಿತ್ರಿ ಅಂತ ಕೇಳ್ತಾರ.
ಬನಹಟ್ಟಿ ಸರಕಾರಿ ದವಾಖಾನಿಯೊಳಗ, ಅಂತೀನಿ.
ನಗತಾರ. ನಗಲಿ.

ಎಕ್ಸ್‌ರೇ ಕೋಣಿ ಮಗ್ಗಲಿಗೆ ಪೆಟ್ಟಿಗಿಯಂಥದೊಂದು ಖೋಲಿ,
ಗ್ವಾಡಿಗೆಲ್ಲಾ ಸ್ಪಂಜು, ನಡುವ ಸ್ಟೂಲು.
ಒಳಗ ಕುಂತವರ ಕಿವಿಗೆ ಹೆಡ್‌ಫೋನು,
ಕಾಜಿನ ಈಚೆ ನಾನು, ಬೆರಳ ಕೆಳಗೊಂದು ಗುಂಡಿ.
"ಸಪ್ಪಳ ಕೇಳಿದ್ರ ಬೆರಳ ಎತ್ರಿ ಕಾಕಾ.
ಸಣ್ಣದಿದ್ರೂ ಎತ್ರಿ.
ಸುಳ್ಳ ಎತ್ತಬ್ಯಾಡ್ರಿ."

ಹನ್ನೊಂದು ವರ್ಷ ಇದಽ ನನ್ನ ರಿಯಾಜು:
ಐದುನೂರು, ಸಾವಿರ, ಎರಡು ಸಾವಿರ,
ಒಂದೊಂದು ಸ್ವರಾನೂ ಸವಿಸಿ ಸವಿಸಿ
ಇದ್ದೂ ಇಲ್ಲದಂಗ ಆಗೂ ಜಾಗಾದ ತನಕಾ ಒಯ್ಯೂದು,
ಅಲ್ಲೆ ನಿಂದ್ರೂದು.

ಪವರ್‌ಲೂಮಿನ ಮಂದಿ ಬಂದ್ರ
ಗೆರಿ ನೆಟ್ಟಗ ಬಂದು ಬಂದು
ನಾಲ್ಕು ಸಾವಿರಕ್ಕ ದಬಕ್ಕನ ಬೀಳತಿತ್ತು.
ಎಲ್ಲಾರ ಕಾಗದದಾಗೂ ಅದಽ ತಗ್ಗು,
ರಬಕವಿ ರಸ್ತೆದಾಗ ಒಂದಽ ತಗ್ಗಿಗೆ ಎಲ್ಲಾ ಗಾಡಿ ಬಿದ್ದಂಗ.
ದುಂಡಪ್ಪ ಮಾಚಕನೂರ, ಮಗ್ಗದ ಮುಂದ ಮೂವತ್ತಾರು ವರ್ಷ,
ಕೈ ತೊಡಿ ಮ್ಯಾಲಿಟ್ಟು ಸುಮ್ನ ಕುಂತಿದ್ದ.
ಒತ್ತಿದೆ. ಏರಿಸಿ ಒತ್ತಿದೆ.
"ಚಾಲೂ ಮಾಡ ಶಮಶಾದ, ಇನ್ನ," ಅಂದ.
ಸಕ್ಕರಿ ಅಂದ್ರ ಅಂವಗ ಅಕ್ಕರಿ ಅಂತ ಕೇಳತಿತ್ತು.
ಚಾಕ್ಕ ಅಕ್ಕರಿ ಸಾಕನು ಅಂತ ಕೇಳತಾಳ ನನ್ನ ಹೇಂತಿ,
ಅಂತ ಹೇಳಿ ತಾನಽ ನಗತಿದ್ದ.

ಆಮ್ಯಾಲೆ ಒಬ್ಬಾಂವ ಬಂದ, ಸಿನಿಮಾದಾಂವ,
ಹುನ್ನೂರ ಕಡೆ ಶೂಟಿಂಗ್ ಇತ್ತಂತ, ನಿರಂಜನ ಹಂಚಿನಾಳ.
ಎಡಗಿವಿ ಆರು ತಿಂಗಳಿಂದ ಗುಂಯ್ ಅಂತೈತಿ,
ಯಾರೂ ನಂಬೂದಿಲ್ಲ ಅಂದ.
ಖೋಲಿಯೊಳಗ ಕುಂದ್ರಿಸಿ ಹುಡುಕಿದೆ.
"ಇದಾ?" "ಅಲ್ಲ, ಇನ್ನ ಮ್ಯಾಲೆ."
"ಇದಾ?" "ಇನ್ನ ಜರಾ ತೆಳ್ಳಗ."
"ಇದಾ?"
ಮಾತಾಡಲಿಲ್ಲ. ಕಣ್ಣಾಗ ನೀರು.
ತನ್ನ ತಲಿಯೊಳಗಿಂದು ಹೊರಗಿಂದ ಕೇಳಿದ್ದು ಅದಽ ಮೊದಲು.
ಇಪ್ಪತ್ತು ರೂಪಾಯಿ ರಸೀದಿ ಹರದು ಕೊಟ್ಟೆ.

ಮೂರನೇ ದಿನ ತಿರುಗಿ ಬಂದು
"ನಮ್ಮ ಪಿಕ್ಚರಿಗೆ ಸಂಗೀತ ನೀವಽ ಮಾಡ್ರಿ."
"ನನಗ ಸರಿಗಮ ಬರೂದಿಲ್ರಿ."
"ಬರಾವ್ರು ರಗಡ ಮಂದಿ ಅದಾರ.
ಎಲ್ಲಿ ಬಿಡಬೇಕು ಗೊತ್ತಿದ್ದಾವ್ರು ಇಲ್ಲ."

ಪೆನ್ಶನ್ ಇರೂ ನೌಕರಿ ಐತಿ, ಹುಚ್ಚಿ, ಅಂದ್ರು ಅಬ್ಬಾ.
ರಜಾ ಚೀಟಿಯೊಳಗ ಕಾರಣ: ಸ್ವಂತ ಕೆಲಸ.

ಬೆಳಗಾವಿ ಟಿಳಕವಾಡಿಯೊಳಗ ಸ್ಟುಡಿಯೋ.
ಸಾರಂಗಿ ಅಜ್ಜಾರು ಯಾವ ರಾಗಾ ಅಂದ್ರು.
ರಾಗಾ ತಿಳೀದ್ರಿ, ಐದುನೂರರ ಸುತ್ತಮುತ್ತ ಅಡ್ಡಾಡ್ರಿ,
ದಾರಿ ಸಿಕ್ಕ ಮ್ಯಾಲೆ ಹೋಗಬ್ಯಾಡ್ರಿ.
ಅಜ್ಜಾರು ಕಮಾನು ಕೆಳಗಿಟ್ಟು ನನ್ನ ನೋಡಿದ್ರು,
ಹೊಳ್ಳಿ ತಗೊಂಡ್ರು.
ಗೆಜ್ಜಿ ತಗಸಿದೆ. ತಾಳ ತಗಸಿದೆ.
ಸ್ಟ್ಯಾಂಡಿಗೆ ದುಂಡಪ್ಪನ ಕಾಗದ ಸಿಗಿಸಿದ್ದೆ,
ನೋಟೇಶನ್ ಅಂತ ತಿಳಕೊಂಡು ತಬಲಾದ ಹುಡುಗ
ಫೋಟೋ ಹೊಡಕೊಂಡ.

ಪಿಕ್ಚರ್ ಬನಹಟ್ಟಿಗೆ ಬಂತು, ಒಂದಽ ವಾರ.
ದುಂಡಪ್ಪ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ದ.
ನಾ ಪರದೆ ನೋಡಲಿಲ್ಲ, ಅಂವನ್ನಽ ನೋಡತಿದ್ದೆ.
ಹೆಣಮಗಳು ಮಗ್ಗದ ಸ್ವಿಚ್ ಆರಿಸೂ ಸೀನು.
ಬೆಳಕು ಅಷ್ಟು ಇರಲಿಲ್ಲ, ಆದ್ರೂ ಕಂಡೆ:
ಮುಂದಿನ ಕುರ್ಚಿ ಬೆನ್ನ ಮ್ಯಾಲೆ
ಅಂವನ ಬೆರಳು ಸಾವಕಾಶ ಎದ್ದಿತು.

ಅಲ್ಲಿ ನಾ ಏನೂ ಇಟ್ಟಿರಲಿಲ್ಲ.
ಒಂಬತ್ತು ಸೆಕೆಂಡು ಖಾಲಿ.
ಸ್ಟುಡಿಯೋಕ್ಕ ಹೋಗಿ ಹೊಳ್ಳಿ ಕೇಳೀನಿ, ಮೂರು ಸಲ.
ಏನೂ ಇಲ್ಲ.