ಎರಡೂ ಗಲ್ಲಕ್ಕ

ಚಿಕಾಲಿಮಿನ ಆ ಮನ್ಯಾಗ ಕೆಲಸಾ ಹಿಡದ ಮೊದಲ ದಿನ
ಸಂಜೀಕ ಚಪ್ಪಲ್ ಮೆಟ್ಟೂ ಹೊತ್ನ್ಯಾಗ
ಎರ್ಮೆಲಿಂದಾ ಬಾಯಾರು ಕೋಲೂರಿ ಬಾಗಲತನಕ ಬಂದು
ಎಡಗಲ್ಲಕ್ಕೊಂದು, ಬಲಗಲ್ಲಕ್ಕೊಂದು ಮುತ್ತು ಕೊಟ್ಟು
"ಫಾಲ್ಯಾಂ ಯೋ" ಅಂದ್ರು. ನಾಳಿ ಬಾ.

ಲೈಟಿನ ಕಂಬ ನಿಂತಂಗ ನಿಂತೆ.
ಬಂಗಡಿ ತೊಳದ ಕೈ, ಬೆವರಿಳದ ಮಾರಿ,
ಎಲ್ಲಿ ಬಚ್ಚಿಡಲಿ?
ಬಾಯ್ನಾಕ್ಕ ಬರೂ ಬಸ್ಸಿನ್ಯಾಗ
ಗಲ್ಲ ಒರಸಕೋಬೇಕಂತ ಸೆರಗು ಎತ್ತಿ
ಯಾಕೋ ಇಳಿಸಿದೆ.

ಮುತ್ತಂದ್ರ ನತ್ತಿನ್ಯಾಗಿಂದು, ಅದೂ ಗೌಡರ ಮನ್ಯಾಗ,
ಇಷ್ಟ ಗೊತ್ತಿತ್ತು ನನಗ.
ನಮ್ಮವ್ವ ಮುತ್ತು ಕೊಟ್ಟ ನೆನಪಿಲ್ಲ.
ಕಳೆ ತಗದು ಬಂದಾಕಿ, ಮಣ್ಣು ಮೆತ್ತಿದ ಅಂಗೈಲೆ
ನನ್ನ ಮಾರಿ ಸವರಿ, ತನ್ನ ಕಣತಲಿಗೆ ಒತ್ತಿ
ನೆಟಿಗಿ ಮುರೀತಿದ್ಲು.
ಹತ್ತೂ ಬೆರಳು ಪಟಪಟ ಅಂದ್ರ
"ಅಬ್ಬಬ್ಬಾ, ಎಷ್ಟ ಮಂದಿ ಕಣ್ಣಽ!"
ಆ ಸಪ್ಪಳಕ್ಕ ನಮ್ಮನ್ಯಾಗ
ಬ್ಯಾರೆ ಹೆಸರಿರಲಿಲ್ಲ.

ಮಂಗಳವಾರ ಬರೂ ನರ್ಸು ತೋಳಿಗೆ ಪಟ್ಟಿ ಸುತ್ತಿ
"ಯಾರನ್ನಾರ ಮುದ್ದು ಮಾಡ್ರಿ, ಬಿ.ಪಿ. ಇಳೀತದ" ಅಂದ್ಲು.
ಬಾಯಾರು ನನ್ನ ಕಡೆ ಬೆರಳು ಮಾಡಿದ್ರು:
"ಇಕಿನಽ ನನ್ನ ಗುಳಿಗಿ.
ದಿನಕ್ಕ ಒಂದು, ಅರ್ಧ ಮಾಡಿ ಎರಡು ಗಲ್ಲಕ್ಕ."
ನಲವತ್ತು ವರ್ಷ ಸಾಲ್ಯಾಗ ಗಣಿತ ಕಲಿಸಿದಾಕಿ.
ಪಾವ್ ತರೂ ಹುಡುಗನ್ನೂ ಬಿಡತಿರಲಿಲ್ಲ,
ಆಂವಾ ಸೈಕಲ್ ಮ್ಯಾಲಿಂದನ ಗಲ್ಲ ಬಗ್ಗಿಸತಿದ್ದ.

ನಾನೂ ಒಂದಿನ ಧೈರ್ಯ ಮಾಡಿ
ಸಾಲಿಗೆ ಹೊಂಟ ನನ್ನ ಮಗ ಸಂಗನಬಸುಗ ಕೊಟ್ಟೆ.
"ಏ ಯವ್ವಾ, ಹುಚ್ಚ ಹಿಡದದೇನ?"
ತೋಳಿಲೆ ತಿಕ್ಕಿ ತಿಕ್ಕಿ ಒರಸಿಕೊಂಡ,
ಹದಿನಾಲ್ಕರ ಮೀಸಿ.
ರಾತ್ರಿ ತಗಡಿನ ಮ್ಯಾಲೆ ಮಳಿ ಹೊಡಿಯೂ ಮುಂದ
ಮತ್ತ ಕೊಟ್ಟೆ. ಒರಸಲಿಲ್ಲ.
ನಿದ್ದಿ ಹತ್ತಿತ್ತೋ, ಇಲ್ಲೋ.

ಶ್ರಾವಣದಾಗ ಬಾಯಾರಿಗೆ ಲಕ್ವಾ ಹೊಡೀತು.
ದವಾಖಾನ್ಯಾಗ ಹೋಗಿ ಬಗ್ಗಿದೆ, ದಿನದಂಗ, ಎಡಗಲ್ಲ ಮೊದಲು.
ತುಟಿ ಒಂದು ಬದಿ ಜೋತಿತ್ತು, ಕೂಡಲಿಲ್ಲ.
ಉಸರು ಅಷ್ಟ ತಾಕಿತು.
ನಾ ಕೊಡಲೇನು? ದೊಡ್ಡವರಿಗೆ ಹೆಂಗ ಕೊಡಬೇಕು?
ಗೊತ್ತಿದ್ದದ್ದು ಮಾಡಿದೆ:
ಎರಡೂ ಕೈಲೆ ಆ ಮಾರಿ ಸವರಿ
ನನ್ನ ಕಣತಲಿಗೆ ಒತ್ತಿದೆ.
ಸೋಪಿನ ನೀರಾಗ ನೆನದ ಬೆರಳು,
ಎಲ್ಲಾ ಮುರೀಲಿಲ್ಲ.

ಬಾಜೂ ಹಾಸಿಗ್ಯಾಕಿ ಇದೇನು ಮಾಟ ಅಂತ ನೋಡಿದ್ಲು.
ಬಾಯಾರು ಕಣ್ಣು ಮುಚ್ಚಿ ಕೇಳಿಸಿಕೊಂಡು,
ನೆಟ್ಟಗಿದ್ದ ಕೈ ಎತ್ತಿ
ಎರಡು ಬೆರಳು ತೋರಿಸಿದ್ರು.
ಲೆಕ್ಕ ಬರೋಬ್ಬರಿ ಇತ್ತು.