ಸ್ಥಳ: ಕಿಟಕಿಯ ಹತ್ತಿರ

ಹೊಸ ಕಂಪ್ಯೂಟರ್ ಬಂದದ್ದು ಮೊನ್ನೆ,
ಮಣೆಯಷ್ಟು ತೆಳ್ಳಗೆ, ಉಸಿರಾಡುವ ಸದ್ದೂ ಇಲ್ಲ.
ಮೂಲೆಯ ಪ್ರಿಂಟರಿಗೆ ಹದಿನಾರು ತುಂಬಿದೆ;
ಎಬ್ಬಿಸಿದರೆ ಸೊಂಟ ಹಿಡಿದುಕೊಂಡು ನರಳಿ,
ಎರಡು ಸಲ ಕೆಮ್ಮಿ, ಹಸಿರು ದೀಪ ಹಚ್ಚುತ್ತದೆ.
ಇವೆರಡಕ್ಕೂ ಮಾತುಕತೆ ಇಲ್ಲ.

ಮತ್ರಾದ ಈ ಟೈಪಿಂಗ್ ಅಂಗಡಿಯಲ್ಲಿ
ಕಾಗದ ಹೊರಗೆ ಬಿದ್ದರೇ
ಯಾರೋ ಒಬ್ಬರು ದೇಶದ ಒಳಗೆ ಬರುವುದು.
ಎದುರಿನ ಕುರ್ಚಿಯಲ್ಲಿ ಮಯ್ಯದ್ದಿ, ನೀರಿನ ಟ್ಯಾಂಕರಿನವ,
ತೊಡೆಯ ಮೇಲೆ ಹೆಂಡತಿಯ ಪಾಸ್‌ಪೋರ್ಟಿನ ನಕಲು.
ಕೌಂಟರ್ ಮುಚ್ಚುವುದು ಒಂದೂವರೆಗೆ.
ಈಗ ಹನ್ನೆರಡೂಕಾಲು.

ಒತ್ತಿದೆ. ಇಲ್ಲ.
ಮತ್ತೆ ಒತ್ತಿದೆ. ಮತ್ತೆ. ಮತ್ತೂ ಒಮ್ಮೆ,
ಲಿಫ್ಟಿನ ಗುಂಡಿ ಒತ್ತುವವರ ಹಾಗೆ.
‘ಡ್ರೈವರ್ ಸಿಗ್ತಾ ಇಲ್ಲ’ ಅಂದೆ ನನ್ನಷ್ಟಕ್ಕೆ.
ಮಯ್ಯದ್ದಿ ಎದ್ದೇ ನಿಂತ:
‘ಎಲ್ಲಿಗೆ ಹೋಗ್ಬೇಕಿತ್ತು? ನಾನಿದ್ದೇನಲ್ಲ.’

ಡ್ರೈವರ್ ಸಿಕ್ಕಿತು, ಯಾವುದೋ ಹಳೆಯ ಸೀಡಿಯಲ್ಲಿ,
ಸೀಡಿ ಓದುವ ಬಾಯಿ ಹೊಸದಕ್ಕೆ ಇಲ್ಲವೆಂದು
ಪಕ್ಕದ ಅತ್ತರಿನಂಗಡಿಯ ಲ್ಯಾಪ್‌ಟಾಪ್ ತಂದು.
ಆದರೂ ಮೌನ.
ಹೆಸರು ಹಿಡಿದು ಕರೆದೆ, ಅಂಕಿ ಹಿಡಿದು ಕರೆದೆ,
ನಾಲ್ಕು ಸಲ ಕೂಗಿ ನಾಲ್ಕು ಸಲವೂ
ಬಾವಿಗೆ ಬಿದ್ದ ಹಗ್ಗದ ಹಾಗೆ ಬರಿಗೈ.

ಕೊನೆಗೆ ಹಸಿರು ಗುಂಡಿಯನ್ನು ಒತ್ತಿಯೇ ಹಿಡಿದೆ,
ಹತ್ತು ಎಣಿಸುವ ತನಕ.
ಗೊಣಗುತ್ತ ಗೊಣಗುತ್ತ ತನ್ನ ಜಾತಕ ತಾನೇ ಅಚ್ಚು ಹಾಕಿತು:
ಒಟ್ಟು ಪುಟ, ನಾಲ್ಕು ಲಕ್ಷದ ಹನ್ನೊಂದು ಸಾವಿರ.
ವಿಳಾಸ, ನೂರ ತೊಂಬತ್ತೆರಡು, ನೂರ ಅರವತ್ತೆಂಟು,
ಒಂದು, ನಲವತ್ತು.
ಸಂಪರ್ಕ: ವಾಮನ ಖಾರ್ವಿ.
ಸ್ಥಳ: ಕಿಟಕಿಯ ಹತ್ತಿರ.

ಕಿಟಕಿ?
ಅಲ್ಲಿರುವುದು ಜಿಪ್ಸಂ ಗೋಡೆ,
ಅದರಾಚೆ ಮೊಬೈಲ್ ಕವರುಗಳ ಗೋದಾಮು.
ವಾಮನಣ್ಣ ಹೋಗಿ ಆರು ವರ್ಷ.
ಅವನ ವೀಸಾ ರದ್ದಾದ ಕಾಗದವೂ
ಇದರ ಹೊಟ್ಟೆಯಿಂದಲೇ, ಬೆಚ್ಚಗೆ ಹೊರಬಂದದ್ದು;
ಹಿಡಿದು ಕೊಟ್ಟವನು ನಾನು.

ರೋಗ ಗೊತ್ತಾಯಿತು. ಹೊಸ ರೌಟರ್
ಎಲ್ಲರ ಮೂರನೆಯ ಅಂಕಿಯನ್ನೂ ಸೊನ್ನೆ ಮಾಡಿದೆ,
ಇದೊಂದು ಮಾತ್ರ ಒಂದನ್ನು ಬಿಟ್ಟು ಕದಲಿಲ್ಲ.
ಬದಲಿಸೋಣವೆಂದರೆ ಬೀಗ ಹಾಕಿದ್ದಾನೆ ವಾಮನಣ್ಣ.
ಗಂಗೊಳ್ಳಿಗೊಂದು ಧ್ವನಿ ಕಳಿಸಿದೆ: ‘ಪಾಸ್‌ವರ್ಡ್ ಎಂತದು?’
ಒಂದೇ ಒಂದು ಗೀಟು ಬಿತ್ತು. ದೋಣಿಯಲ್ಲಿರಬೇಕು.

ಹನ್ನೆರಡೂ ಐವತ್ತು.
ಮುದುಕ ಬರುವುದಿಲ್ಲವೆಂದರೆ ನಾವೇ ಹೋಗಬೇಕು.
ಹೊಸ ಯಂತ್ರಕ್ಕೆ ಹಳೆಯ ಬೀದಿಯಲ್ಲೂ
ಒಂದು ಮನೆ ಮಾಡಿಕೊಟ್ಟೆ: ಸೊನ್ನೆಯಲ್ಲೂ ಇರು,
ಒಂದರಲ್ಲೂ ಇರು, ಎರಡು ಕಡೆಯ ಬಾಡಿಗೆಯೂ ನನ್ನದು.
ಕೂಗಿದೆ.
ಓಗೊಟ್ಟಿತು.

ಮತ್ತೆ ನಿಲ್ಲಲೇ ಇಲ್ಲ.
ಒತ್ತಿದ್ದನ್ನೆಲ್ಲ ಲೆಕ್ಕ ಇಟ್ಟುಕೊಂಡಿತ್ತು ಕಂಪ್ಯೂಟರ್;
ಮಯ್ಯದ್ದಿಯ ಬೀಬಿ ಹನ್ನೊಂದು ಸಲ ಹೊರಗೆ ಬಂದಳು,
ಹನ್ನೊಂದು ಸಲವೂ ತಲೆವಸ್ತ್ರದ ಅಂಚಿನಲ್ಲಿ
ಡ್ರಮ್ಮಿನ ಗೀರಿನದೊಂದು ಕಪ್ಪು ಗೆರೆ.
‘ಒಬ್ಳಿಗೇ ಸಂಬಳ ಸಾಲ್ತಾ ಇಲ್ಲ ಸಾರ್’ ಎಂದು
ಮೇಲಿನ ಹಾಳೆ ಎಳೆದುಕೊಂಡು ಓಡಿದ,
ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಬಿಸಿಲಿಗೆ ಸೇರಿತು.

ಸಂಜೆ ಬಂತು ಉತ್ತರ, ಹಿಂದೆ ಎಂಜಿನ್ನಿನ ಪಟಪಟ:
‘ಪಾಸ್‌ವರ್ಡ್ ನೆಂಪಿಲ್ಲ ಮರಾಯ.
ಕಾಗ್ದ ಸಿಕ್ಕಿದ್ರೆ ಎಡಬದಿಗೆ ಸಣ್ಣಕ್ಕೊಂದು ತಟ್ಟು, ಜೋರಲ್ಲ.
ಮತ್ತೆ, ಹಡ್ಗ್ ಕಾಂತ್ತಾ ಅಲ್ಲಿಂದ ಈಗ್ಲೂ?’

ಉಳಿದ ಹತ್ತು ಹಾಳೆಗಳಲ್ಲಿ ಒಂದರ ಬೆನ್ನಿಗೆ
ದೊಡ್ಡದಾಗಿ ಅಂಕಿ ಬರೆದೆ, ನನ್ನ ನಂತರ ಬರುವವನಿಗೆ.
ಟೇಪು ಹರಿದು ಪ್ರಿಂಟರಿನ ನೆತ್ತಿಗೆ ಅಂಟಿಸಿದೆ.
ವಾಮನಣ್ಣನಿಗೆ ಏನು ಹೇಳುವುದೆಂದು
ಇನ್ನೂ ಬೆರಳು ಗುಂಡಿಯ ಮೇಲೇ ಇದೆ.