ಒಂಬತ್ತನೆಯ ಬೆರಳು

ಕಾಸ್ತೆಲ್‌ಫಿದಾರ್ದೊ, ಫೆಬ್ರವರಿ. ಗುಡ್ಡದ ಮೇಲೆ
ಅಕಾರ್ಡಿಯನ್ ಕಾರ್ಖಾನೆ; ಈಗ ಬೋರ್ಡಿನ ಅರ್ಧ ಅಳಿಸಿ
ಎಲೆಕ್ಟ್ರಾನಿಕ್ಸ್ ಎಂದು ಬರೆಸಿದ್ದಾರೆ.

ನಾನು ಮೊದಲು ಮಾಡಿದ್ದು ಒಂಟಿ ದನಿಯ ಸಿಂಥಸೈಜರ್.
ಮೂರು ಆಸಿಲೇಟರ್, ಒಂದೇ ಗಂಟಲು.
ಕರಿ ಬಿಳಿ ಮನೆಗಳಲ್ಲಿ ಎರಡು ಒಟ್ಟಿಗೆ ಒತ್ತಿದರೆ
ಕೊನೆಯದಕ್ಕೇ ಮಾತು, ಮೊದಲಿನದು ಬಾಯಿ ಮುಚ್ಚಬೇಕು.
ಅದರಲ್ಲೊಂದು ಸುಖವಿತ್ತು: ಅಪಸ್ವರ ಬಂದರೆ
ಯಾರದೆಂದು ಹುಡುಕಬೇಕಿರಲಿಲ್ಲ.

ಮಾಲೀಕ ಎರ್ಕೊಲೆ ಒಪ್ಪಲಿಲ್ಲ.
"ಒಬ್ಬನೇ ಬಂದರೆ ಅದು ಮದುವೆಯೇ?"
ಎಂಟು ದನಿ ಬೇಕೆಂದ.
ಸುಲಭದ ದಾರಿಯೊಂದಿತ್ತು: ಮೇಲೊಂದು ತಾಯಿಸ್ವರ ಹುಟ್ಟಿಸಿ
ಎರಡರಿಂದ ಭಾಗಿಸುತ್ತ ಇಳಿಯುವುದು.
ಮಾಡಿ ನೋಡಿದೆ. ಎಲ್ಲ ಶ್ರುತಿಶುದ್ಧ,
ಸಮವಸ್ತ್ರ ತೊಟ್ಟ ಮಕ್ಕಳ ಸಾಲು.
ಕಿತ್ತು ಹಾಕಿದೆ.

ಆಮೇಲೆ ಎಂಟು ಹಲಗೆ. ಒಂದೊಂದಕ್ಕೂ ತನ್ನ ಆಸಿಲೇಟರ್,
ತನ್ನ ಜರಡಿ, ತನ್ನ ಹಟ.
ಬೆಳಗಿನ ಚಳಿಗೆ ಎಂಟೂ ಎಂಟು ಕಡೆ ಜಾರುತ್ತವೆ;
ಇಪ್ಪತ್ತು ನಿಮಿಷ ಕಾದ ಮೇಲೆ ಒಂದು ರಾಜಿಗೆ ಬರುತ್ತವೆ,
ಐದನೆಯದೊಂದು ಬಿಟ್ಟು.
ಅದು ಟ್ರಾನ್ಸ್‌ಫಾರ್ಮರ್ ಪಕ್ಕದ್ದು, ಸದಾ ಜ್ವರ.

ಶ್ರುತಿ ಮಾಡುವವಳು ದೆಲ್ಫೀನಾ.
ಮೂವತ್ತು ವರ್ಷ ಉಕ್ಕಿನ ನಾಲಿಗೆಗಳನ್ನು ಅರದಿಂದ ಉಜ್ಜಿದವಳು;
ಈಗ ಸ್ಕ್ರೂಡ್ರೈವರ್ ತುದಿಯನ್ನು ಕೂದಲೆಳೆಯಷ್ಟು ತಿರುಗಿಸಿ
ಕಣ್ಣು ಮುಚ್ಚುತ್ತಾಳೆ. ನನ್ನ ಮೀಟರಿನ ಮುಳ್ಳು
ಅವಳ ಹುಬ್ಬಿಗಿಂತ ನಿಧಾನ.
"ಪೂರಾ ಕೂಡಿಸಬೇಡ. ಎರಡು ರೀಡು ತೀರ ಒಂದಾದರೆ
ಒಂದಕ್ಕೆ ದಂಡಕ್ಕೆ ಸಂಬಳ ಕೊಟ್ಟ ಹಾಗೆ."

ಉಳಿದದ್ದು ಒಂದು ಪ್ರಶ್ನೆ.
ಎಂಟು ಕುರ್ಚಿಯ ಮೇಜಿಗೆ ಒಂಬತ್ತನೆಯ ಬೆರಳು ಬಂದರೆ?
ಯಾರಾದರೊಬ್ಬರು ಏಳಬೇಕು.
ಎಲ್ಲಕ್ಕಿಂತ ಹಳೆಯ ಸ್ವರ ಏಳಲಿ ಎಂದು ಬರೆದೆ;
ತರ್ಕ ಸರಿಯಿತ್ತು, ನಾಲ್ಕು ಚಿಪ್‌ನಲ್ಲಿ ಮುಗಿಯಿತು.

ದೆಲ್ಫೀನಾ ನುಡಿಸಿದಳು. ಎಡಗೈ ಕಿರುಬೆರಳಲ್ಲಿ ಮೊದಲೇ ಊರಿದ
ಮಂದ್ರವೊಂದು, ಅದರ ಮೇಲೆ ಒಂದೊಂದೇ ಏರಿಸುತ್ತ
ಒಂಬತ್ತಕ್ಕೆ ಬಂದಾಗ
ನೆಲ ಹೋಯಿತು.
ಬೆರಳು ಅಲ್ಲೇ ಇತ್ತು. ಒತ್ತಿಯೇ ಇತ್ತು.
ಅವಳು ಅದನ್ನೇ ನೋಡಿದಳು, ತನ್ನದಲ್ಲವೆಂಬಂತೆ.

"ಹಳಬರನ್ನು ಎಬ್ಬಿಸು, ಆಗಲಿ," ಎಂದಳು. "ಕೆಳಗಿನವರನ್ನಲ್ಲ.
ಮೇಲಿನವರು ಕುಣಿಯೋದು ಯಾರ ಮೇಲೆ?"
ಅದು ಸ್ವರಗಳ ಮಾತೋ, ಹಿಂದಿನ ವಾರ
ರೀಡಿನ ವಿಭಾಗದಿಂದ ಮನೆಗೆ ಕಳಿಸಿದ
ಹನ್ನೊಂದು ಹೆಂಗಸರ ಮಾತೋ,
ಕೇಳುವ ಧೈರ್ಯವಾಗಲಿಲ್ಲ.

ಇನ್ನೊಂದು ಚಿಪ್ ಸೇರಿಸಿದೆ. ಎರ್ಕೊಲೆ ಖರ್ಚಿಗೆ ಗೊಣಗಿದ.
ಐದನೆಯ ಹಲಗೆ ಮಾತ್ರ ಇನ್ನೂ ಕಾಯುತ್ತಲೇ ಇದೆ;
ಅದರ ಪಾಡಿಗೆ ಬಿಡು ಎಂದಿದ್ದಾಳೆ.